ಕಾಕಸ್‌ನಲ್ಲಿ ಗೆದ್ದಿದ್ದು ನಮ್ಮ ಕಡೆಯೇ, ಆದರೂ ಅದು ನ್ಯಾಯ ಅನ್ನಿಸುತ್ತಿಲ್ಲ. ನೀವೇನಂತೀರಿ?

ಸಿಯಾಟಲ್ ಮಳೆ:
ನಮಸ್ಕಾರ. ನಾನಿರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ಇಲ್ಲಿಯ ಸಿಟಿಜನ್ ಆದ ಮೇಲೆ ನಾನು ಮೊದಲು ಹೋಗಿದ್ದು 2016ರ ಡೆಮಾಕ್ರಟಿಕ್ ಕಾಕಸ್‌ಗೆ, ಅಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಅಂತ ಬೆಂಬಲಿಗರು ಒಂದೆಡೆ ಸೇರಿ ಹೇಳುವ ಸಭೆಗೆ. ಮಾರ್ಚ್ 26, ಶನಿವಾರ, ಬೆಳಗ್ಗೆ 10 ಗಂಟೆ. ಶಾಲೆಯೊಂದರ ಊಟದ ಹಾಲ್‌ನಲ್ಲಿ ಪ್ರಿಸಿಂಕ್ಟ್‌ಗೊಂದು (ನಮ್ಮೂರ ಬೂತಿನಂಥ ಚಿಕ್ಕ ಮತದಾನ ವಲಯಕ್ಕೊಂದು) ಮೇಜು. ಯಾರ ಪರ ಅಂತ ಬರೆದುಕೊಡಬೇಕು, ಎದ್ದು ಮಾತಾಡುವವರ ಮಾತು ಕೇಳಬೇಕು, ಮನಸ್ಸು ಬದಲಾದರೆ ಬದಲಾಯಿಸಬಹುದು, ಆಮೇಲೆ ಎಣಿಕೆ. ಎರಡು ಗಂಟೆಗಿಂತ ಜಾಸ್ತಿ ಹಿಡಿಯಿತು. ನಾನು ಬರ್ನೀ ಸ್ಯಾಂಡರ್ಸ್ ಪರ. ನಮ್ಮ ಮೇಜಿನಲ್ಲೂ ಗೆದ್ದೆವು, ರಾಜ್ಯದಲ್ಲೂ ಗೆದ್ದೆವು. 101 ಡೆಲಿಗೇಟ್‌ಗಳಲ್ಲಿ (ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ) 74 ನಮಗೆ.

ನನ್ನ ಹೆಂಡತಿ ಹಿಲರಿ ಕ್ಲಿಂಟನ್ ಪರ. ಆ ದಿನ ಮಗನಿಗೆ ಜ್ವರ, ಒಬ್ಬರು ಮನೆಯಲ್ಲಿರಲೇಬೇಕಿತ್ತು. "ನೀವೇ ಹೋಗಿ ಬನ್ನಿ, ನಿಮಗೇ ಆಸೆ ಜಾಸ್ತಿ" ಅಂದಳು. ನಾನು ಹೋದೆ.

ಮೇ ತಿಂಗಳಲ್ಲಿ ಪ್ರೈಮರಿಯ (ಸಭೆ ಇಲ್ಲದೆ, ಬರೀ ವೋಟು ಹಾಕಿ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯ) ಬ್ಯಾಲೆಟ್ ಅಂಚೆಯಲ್ಲಿ ಬಂತು. ಅವಳು ಅದನ್ನು ತುಂಬಿ ಕಳಿಸಿದಳು. ಕಾಕಸ್‌ಗೆ ಬಂದಿದ್ದವರು ಸುಮಾರು 2 ಲಕ್ಷ 30 ಸಾವಿರ ಜನ. ಈ ಪ್ರೈಮರಿಯಲ್ಲಿ ಡೆಮಾಕ್ರಟಿಕ್ ಕಡೆ ಬಿದ್ದ ವೋಟು 8 ಲಕ್ಷದ ಆಸುಪಾಸು, ಗೆದ್ದದ್ದು ಕ್ಲಿಂಟನ್. ಆದರೆ ಅದರಿಂದ ಒಂದೇ ಒಂದು ಡೆಲಿಗೇಟ್ ಕೂಡ ಆಚೀಚೆ ಆಗಲಿಲ್ಲ. ಪಕ್ಷ ಲೆಕ್ಕಕ್ಕೆ ಹಿಡಿದದ್ದು ಕಾಕಸನ್ನು ಮಾತ್ರ. "ನಿಮ್ಮದು ವೋಟು, ನನ್ನದು ಬರೀ ಕಾಗದ, ಅಲ್ವಾ?" ಅಂತ ಅವಳು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ಗೆಳೆಯರೊಬ್ಬರು ಕಾಕಸ್ಸೇ ಚೆನ್ನಾಗಿತ್ತು ಅಂತ ವಾದಿಸುತ್ತಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ.

ಟಕೋಮಾದವನು:
ಸರ್, ಬರಲಾಗದವರಿಗೆ ಒಂದು ಫಾರ್ಮ್ ಇತ್ತಲ್ಲ? ನಮ್ಮಣ್ಣನಿಗೆ ಅವತ್ತು ಡ್ಯೂಟಿ ಇತ್ತು, ಅವನು ಅದನ್ನೇ ಕಳಿಸಿದ್ದ.

ಸಿಯಾಟಲ್ ಮಳೆ:
ಇತ್ತು. ಕೆಲಸ, ಅಂಗವೈಕಲ್ಯ, ಧರ್ಮದ ಆಚರಣೆ, ಸೇನೆ, ಇಂಥ ಕೆಲವು ಕಾರಣಗಳಿಗೆ ಮಾತ್ರ. ಅದೂ ಒಂದು ವಾರ ಮೊದಲೇ ಕಳಿಸಿರಬೇಕು. ಮಗುವಿಗೆ ಜ್ವರ ಹೇಳಿಕೇಳಿ ಬರುತ್ತದೆಯೇ?

ಡಿಮೊಯ್ನ್ ಅಕ್ಕ:
ನಿಮ್ಮ ಮನೆಯವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಮೇ ತಿಂಗಳ ಫಲಿತಾಂಶವನ್ನು ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ಅದು ಲೆಕ್ಕಕ್ಕಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಗೆದ್ದಾಗಿದೆ ಅಂತ ಎಷ್ಟೋ ಸ್ಯಾಂಡರ್ಸ್ ಬೆಂಬಲಿಗರು ಸುಮ್ನೆ ಇದ್ದಿರಬಹುದು.

ನಾನು ಅಯೋವಾದವಳು. 2020ರ ನಮ್ಮ ಕಾಕಸ್‌ನಲ್ಲಿ ಒಬ್ಬೊಬ್ಬ ಅಭ್ಯರ್ಥಿಯ ಬೆಂಬಲಿಗರದು ಒಂದೊಂದು ಗುಂಪು; ನಾನು ಏಮಿ ಕ್ಲೋಬುಶಾರ್ ಗುಂಪಿನಲ್ಲಿ ನಿಂತಿದ್ದೆ. ನಮ್ಮ ಪ್ರಿಸಿಂಕ್ಟ್‌ನಲ್ಲಿ ಸುಮಾರು ನೂರು ಜನ. ಶೇ. 15 ಮುಟ್ಟದ ಗುಂಪು ಉಳಿಯುತ್ತಿರಲಿಲ್ಲ. ನಮಗೆ ಬೇಕಿದ್ದದ್ದು 15, ಇದ್ದದ್ದು 12. ಪಕ್ಕದ ಬೀದಿಯ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು, "ನಮ್ಮ ಗುಂಪಿಗೆ ಬಾ ಮಗಳೇ" ಅಂತ ಕರೆದರು. ಹತ್ತು ನಿಮಿಷ ಮಾತಾಡಿದೆವು, ಹೋದೆ. ನನ್ನ ವೋಟು ವ್ಯರ್ಥವಾಗಲಿಲ್ಲ. ಆ ಮಾತುಕತೆ ಬ್ಯಾಲೆಟ್ ಪೇಪರ್‌ನಲ್ಲಿ ಸಿಗುವುದಿಲ್ಲ.

ಎಣಿಕೆಯ ರೀತಿಯನ್ನು ಮಾತ್ರ ನಾನೂ ಒಪ್ಪುವುದಿಲ್ಲ. ಒಂದು ಪ್ರಿಸಿಂಕ್ಟ್‌ಗೆ ಇಷ್ಟು ಡೆಲಿಗೇಟ್ ಅಂತ ಮೊದಲೇ ನಿಗದಿಯಾಗಿರುತ್ತಿತ್ತು. ಎರಡರಷ್ಟು ಜನ ಬಂದರೂ ಅಷ್ಟೇ. ಆ ಸಲ ತಲೆ ಎಣಿಸಿದರೆ ಸ್ಯಾಂಡರ್ಸ್ ಮುಂದೆ, ರಾಷ್ಟ್ರೀಯ ಡೆಲಿಗೇಟ್ ಎಣಿಸಿದರೆ ಪೀಟ್ ಬುಟಜಜ್‌ಗೆ 14, ಸ್ಯಾಂಡರ್ಸ್‌ಗೆ 12. ಇದನ್ನು ಮಕ್ಕಳಿಗೆ ವಿವರಿಸಿ ನೋಡಿ, ಆಗ ಗೊತ್ತಾಗುತ್ತದೆ.

ಟ್ಯಾಂಪಾ ಬಿಸಿಲು:
ಪ್ರೈಮರಿ ಅಂದ ಕೂಡಲೇ ನ್ಯಾಯ ಆಯಿತು ಅಂದುಕೊಳ್ಳಬೇಡಿ. 2016ರಲ್ಲಿ ಫ್ಲೋರಿಡಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್‌ಗೆ ಬಂದದ್ದು ಶೇ. 46ರಷ್ಟು. ಡೆಲಿಗೇಟ್ ಮಾತ್ರ 99ಕ್ಕೆ 99. ನಾನು ಮಾರ್ಕೋ ರುಬಿಯೋಗೆ ವೋಟು ಹಾಕಿದ್ದೆ. ನನ್ನಂಥವರು ಶೇ. 27. ಸಿಕ್ಕಿದ್ದು ಸೊನ್ನೆ.

ಸಿಯಾಟಲ್ ಮಳೆ:
ಅಕ್ಕ, ಮೇ ಫಲಿತಾಂಶದ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಆದರೆ ನನ್ನ ನೋವು ಯಾರು ಗೆದ್ದರು ಅನ್ನುವುದಲ್ಲ. ಆ ಹಾಲ್‌ನಲ್ಲಿ ನಮ್ಮ ಮೇಜಿನ ಸುತ್ತ ಇದ್ದವರೆಲ್ಲ ಶನಿವಾರ ಬೆಳಗ್ಗೆ ಬಿಡುವಿದ್ದವರು. ಮನೆಯಲ್ಲಿ ಉಳಿದವರ ಮಾತು ಅಲ್ಲಿ ಯಾರಿಗೆ ಕೇಳಿಸಿತು?

2020ರಲ್ಲಿ ನಮ್ಮಲ್ಲೂ ಪಕ್ಷ ಪ್ರೈಮರಿಗೆ ಬಂತು. ಹೆಂಡತಿ ಫೆಬ್ರವರಿ ಕೊನೆಯಲ್ಲೇ ಎಲಿಜಬೆತ್ ವಾರೆನ್‌ಗೆ ಗುರುತು ಹಾಕಿ ಕಳಿಸಿಬಿಟ್ಟಳು. ಪ್ರೈಮರಿ ಇದ್ದದ್ದು ಮಾರ್ಚ್ 10ಕ್ಕೆ. ಮಾರ್ಚ್ 5ಕ್ಕೆ ವಾರೆನ್ ಕಣದಿಂದ ಹಿಂದೆ ಸರಿದರು. ಅಂಚೆಗೆ ಹಾಕಿದ್ದನ್ನು ವಾಪಸ್ ತರಲಾಗುತ್ತದೆಯೇ? ಅವಳಿಗೆ ಎರಡನೇ ಸಲವೂ ಹೀಗೇ ಆಯಿತು.

ವಿಚಿಟಾ ಗೋಧಿ:
ಇದಕ್ಕೆ ದಾರಿ ಇದೆ ಸರ್. 2020ರಲ್ಲಿ ನಮ್ಮ ಕ್ಯಾನ್ಸಾಸ್‌ನಲ್ಲಿ ಡೆಮಾಕ್ರಟಿಕ್ ಬ್ಯಾಲೆಟ್ ಅಂಚೆಯಲ್ಲೇ ಬಂತು, ಅದರಲ್ಲಿ 1, 2, 3 ಅಂತ ಇಷ್ಟದ ಕ್ರಮ ಬರೆಯಬೇಕಿತ್ತು. ಕಡಿಮೆ ವೋಟು ಬಂದವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ವೋಟನ್ನು ಮುಂದಿನ ಹೆಸರಿಗೆ ಸೇರಿಸಿದರು. ಉಳಿದವರೆಲ್ಲ ಶೇ. 15 ದಾಟುವ ತನಕ ಹೀಗೇ. ಅಲಾಸ್ಕಾ, ಹವಾಯಿ, ವಯೋಮಿಂಗ್‌ನಲ್ಲೂ ಆ ವರ್ಷ ಇದೇ ರೀತಿ. ಅಕ್ಕ ಹಾಲ್‌ನಲ್ಲಿ ನಡೆದು ಹೋಗಿ ಮಾಡಿದ್ದನ್ನು ನಾನು ಕೂತಲ್ಲೇ ಪೆನ್ನಿನಲ್ಲಿ ಮಾಡಿದೆ.

ಡಿಮೊಯ್ನ್ ಅಕ್ಕ:
ಅಜ್ಜಿ ಒಬ್ಬರು ಸಿಗುವುದಿಲ್ಲ ಅಷ್ಟೇ. ಆದರೂ ಇದು ಒಳ್ಳೆಯದು, ಒಪ್ಪಿದೆ.

ಸಿಯಾಟಲ್ ಮಳೆ:
ವಿಚಿಟಾದವರೇ, ಆ ಬ್ಯಾಲೆಟ್‌ನ ಖಾಲಿ ಮಾದರಿ ನಿಮ್ಮ ಹತ್ತಿರ ಇದ್ದರೆ ಇಲ್ಲಿ ಹಾಕುತ್ತೀರಾ? ಅವಳಿಗೆ ತೋರಿಸಬೇಕು.