ಸೊಲ್ಲಾಪುರದ ತಾರಸಿಯ ಮೇಲೆ ತರಕಾರಿ: ಬೆಳೆದವರು ಹೇಳಿ

ಅಕ್ಕಲಕೋಟೆಯ ಸೊಸೆ:
ಎಲ್ಲರಿಗೂ ನಮಸ್ಕಾರ. ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿ ಬಿಟ್ಟು ಸೊಲ್ಲಾಪುರದ ಹೊಟಗಿ ರಸ್ತೆಯ ಅಪಾರ್ಟ್‌ಮೆಂಟಿಗೆ ಬಂದಿದ್ದೇವೆ. ಊರಿನಲ್ಲಿ ಹಿತ್ತಲೆಲ್ಲ ಅತ್ತೆಯವರ ಕೈಯಲ್ಲಿತ್ತು, ನಾನು ಕೊಯ್ದು ತರುತ್ತಿದ್ದೆ ಅಷ್ಟೇ. ಇಲ್ಲಿ ತಾರಸಿಯಲ್ಲಿ ಹತ್ತಡಿ ಉದ್ದಗಲದ ಜಾಗ ಸಿಕ್ಕಿದೆ. ಮಧ್ಯಾಹ್ನದ ಮೇಲೆ ಪೂರ್ತಿ ಬಿಸಿಲು, ನಳದ ನೀರು ದಿನವೂ ಬರುವುದಿಲ್ಲ. ಟೊಮೆಟೊ, ಮೆಂತ್ಯ, ಪುಂಡಿಪಲ್ಯ ಬೆಳೆಯುವ ಆಸೆ. ತಿಂಗಳಿಗೆ 500 ರೂಪಾಯಿ ಮೀರುವಂತಿಲ್ಲ. ಏಪ್ರಿಲ್‌ನಲ್ಲಿ ಶುರು ಮಾಡಬಹುದೇ? ನೀವೆಲ್ಲ ಹೇಗೆ ಕಲಿತಿರಿ?

ಮಧೂರಿನ ಬಸಳೆ:
ಅಕ್ಕಾ, ನಮ್ಮ ಕಡೆ ಬಿಸಿಲಿಗಿಂತ ಮಳೆಯದೇ ಕಾಟ. ಕಾಸರಗೋಡು ಪೇಟೆಯ ಮೂರು ಮಾಳಿಗೆಯ ಕಟ್ಟಡದ ಮೇಲೆ ನನ್ನ ತೋಟ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುವ ಊರಿದು. ಮೊದಲ ವರ್ಷದ ಲೆಕ್ಕ ಪುಸ್ತಕದಲ್ಲಿ ಹಾಗೆಯೇ ಇದೆ: ಗ್ರೋ ಬ್ಯಾಗ್ 30ಕ್ಕೆ 1,350 ರೂಪಾಯಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ 8ಕ್ಕೆ 1,840, ಎರೆಹುಳು ಗೊಬ್ಬರ 60 ಕಿಲೊಗೆ 1,080, ಬೇವಿನ ಹಿಂಡಿ 450, ಆಟೋ ಬಾಡಿಗೆ 300. ಒಟ್ಟು 5,020. ಜುಲೈ ಮುಗಿಯುವುದರೊಳಗೆ ಆ ಗೊಬ್ಬರದ ಸತ್ವವೆಲ್ಲ ಕಂದು ನೀರಾಗಿ ಮಳೆ ಕೊಳವೆಯಲ್ಲಿ ಇಳಿದುಹೋಯಿತು. ಬದನೆಯ ಬುಡ ಕೊಳೆಯಿತು. ಉಳಿದ ಬೆಂಡೆಯನ್ನು ಆಫ್ರಿಕದ ದೊಡ್ಡ ಬಸವನಹುಳು ರಾತ್ರಿ ಹತ್ತಿ ದಂಟು ಸಮೇತ ಮೆದ್ದಿತು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಹರಡಿಡಬೇಕು. ಬೆಳಿಗ್ಗೆ ಗೋಣಿ ಎತ್ತಿದರೆ ಹುಳುಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ, ಕೈಗವಸು ಹಾಕಿಕೊಂಡು ಹೆಕ್ಕಿ ಉಪ್ಪುನೀರಿಗೆ ಹಾಕುತ್ತೇನೆ. ಬೇರೆ ಯಾವ ಉಪಾಯವೂ ನನಗೆ ಫಲ ಕೊಡಲಿಲ್ಲ.

ಕೊನೆಗೆ ಮಳೆಯನ್ನು ಗೆದ್ದದ್ದು ಬಸಳೆ. ಗೇಣುದ್ದದ ದಂಟು ಊರಿ ಚಪ್ಪರಕ್ಕೆ ಹಬ್ಬಿಸಿದೆ, ಬೀಜದ ಖರ್ಚೂ ಇಲ್ಲ. ಮಣ್ಣಿನ ಗೊಡವೆಗೆ ಹೋಗಬೇಡಿ, ಕೊಕೊಪೀಟ್ ಸಾಕು. ಕೀಟ ಕೊಲ್ಲುವ ಔಷಧದ ಬಾಟಲಿಯನ್ನಂತೂ ಮನೆಯೊಳಗೆ ತರಲೇಬೇಡಿ.

ಹೊಸೂರಿನ ಗುಲಾಬಿ:
ಕೊಕೊಪೀಟನ್ನು ಹೀಗೆ ಹೊಗಳುವವರ ಮಾತು ಕೇಳಿಯೇ ನನ್ನ ಒಂದು ಇಡೀ ಹಂಗಾಮು ಹೋಯಿತು. ಅದರಲ್ಲಿ ಉಪ್ಪಿನಂಶವಿರುತ್ತದೆ, ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು ಎಂದು ಮಾರಿದವರು ಬಾಯಿಬಿಡಲಿಲ್ಲ. ಅದರಲ್ಲಿ ಸತ್ವವೂ ಇಲ್ಲ, ಸುಣ್ಣದಂಶವಂತೂ (ಕ್ಯಾಲ್ಸಿಯಂ) ತೀರಾ ಕಡಿಮೆ. ಟೊಮೆಟೊ ಕಾಯಿ ನಿಂಬೆ ಗಾತ್ರ ಆಗುತ್ತಿದ್ದಂತೆ ತಳ ಕಪ್ಪಾಗಿ, ಚರ್ಮ ತೊಗಲಿನಂತೆ ಒಳಗೆ ಕುಸಿಯುತ್ತಿತ್ತು. ರೋಗವೆಂದು ತಿಳಿದು ಅಕ್ಕಪಕ್ಕದವರು ಕೀಳಿಸಿದರು. ಅದು ರೋಗವಲ್ಲ. ನೀರು ಒಂದು ದಿನ ಹೆಚ್ಚು, ಮೂರು ದಿನ ಇಲ್ಲ ಎಂದಾದರೆ ಕ್ಯಾಲ್ಸಿಯಂ ಕಾಯಿಗೆ ತಲಪುವುದಿಲ್ಲ. ಆಮೇಲೆ ಹನಿ ನೀರಾವರಿ ಹಾಕಿಸಿದೆ: ಟೈಮರ್ 1,850, ಕೊಳವೆ ಮತ್ತು ಡ್ರಿಪ್ಪರ್ 1,420, ಫಿಲ್ಟರ್ 380, ಒಟ್ಟು 3,650 ರೂಪಾಯಿ. ಗಡಸು ನೀರಿನ ಸುಣ್ಣ ಕಟ್ಟಿ ಡ್ರಿಪ್ಪರ್‌ಗಳು ಮುಚ್ಚಿಹೋಗುತ್ತವೆ, ಆಗಾಗ ಬಿಚ್ಚಿ ವಿನೆಗರ್‌ನಲ್ಲಿ ನೆನೆಸುತ್ತೇನೆ.

ಔಷಧದ ವಿಷಯಕ್ಕೂ ಹೇಳುತ್ತೇನೆ. ನಮ್ಮ ಹೊಸೂರಿನ ಸುತ್ತಮುತ್ತ ಹಸಿರುಮನೆಗಳಲ್ಲಿ ಗುಲಾಬಿ ಬೆಳೆದೇ ಎಷ್ಟೋ ಮನೆಗಳು ನಡೆಯುತ್ತಿವೆ. ಮೊಗ್ಗಿನೊಳಗೆ ನುಸಿ ಸೇರಿದರೆ ಭಜನೆ ಮಾಡಿದರೆ ಹೋಗುವುದಿಲ್ಲ. ಚೀಟಿಯಲ್ಲಿ ಬರೆದ ಪ್ರಮಾಣ ಮೀರದೆ ಹೊಡೆದರೆ ತಪ್ಪೇನು?

ಮಧೂರಿನ ಬಸಳೆ:
ತಪ್ಪೇನು ಎಂದು ಕೇಳುತ್ತೀರಾ? ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಡೆ ಬಂದು ಕೇಳಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆಗಲೂ ಪ್ರಮಾಣ ಸರಿಯಾಗಿದೆ ಎಂದೇ ನಮಗೆ ಹೇಳುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯುವ ಹೊತ್ತಿಗೆ ನನ್ನ ಚಿಕ್ಕಮ್ಮನ ಮಗ ಹಾಸಿಗೆಯಲ್ಲೇ ದೊಡ್ಡವನಾಗಿದ್ದ. ಆ ಮನೆಗೆ ಹೋಗಿ ಬಂದವರ ಕೈಯಲ್ಲಿ ನಿಮ್ಮ ಬಾಟಲಿ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಪಪ್ಪಾಯಿಯ ಹಿಟ್ಟುತಿಗಣೆ ಎಂಬ ಕೀಟ ನಮ್ಮ ದೇಶದಲ್ಲಿ 2008ರಲ್ಲಿ ನಿಮ್ಮ ತಮಿಳುನಾಡಿನ ಕೊಯಮತ್ತೂರಿನಲ್ಲೇ ಮೊದಲು ಕಂಡದ್ದು. ಔಷಧ ಹೊಡೆದು ಹೊಡೆದು ರೈತರು ಸೋತರು. 2010ರಲ್ಲಿ ಹೊರದೇಶದಿಂದ ತರಿಸಿ ಬಿಟ್ಟ ಸಣ್ಣ ಕಣಜ ಅದನ್ನು ಹಿಡಿತಕ್ಕೆ ತಂದಿತು. ನೀವು ಹೊಡೆಯುವುದು ಆ ಕಣಜವನ್ನೂ ಕೊಲ್ಲುತ್ತದೆ.

ಹೊಸೂರಿನ ಗುಲಾಬಿ:
ನಿಮ್ಮ ಮನೆಯ ನೋವಿಗೆ ನಾನು ತಲೆಬಾಗುತ್ತೇನೆ. ಆದರೆ ಒಂದು ಲೀಟರ್ ಕೈಪಂಪು ಹಿಡಿದವನನ್ನು ಹೆಲಿಕಾಪ್ಟರಿನ ಪಕ್ಕದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ತರಕಾರಿಗೆ ನಾನೂ ಬೇವಿನೆಣ್ಣೆಯನ್ನೇ ಹೊಡೆಯುತ್ತೇನೆ. ನಾನು ಹೇಳಿದ್ದು ಹೂವಿನ ಮಾತು.

ಮಂಗಳವಾರ ಪೇಟೆಯ ಅಕ್ಕ:
ಕಾಸರಗೋಡಿನ ಮಳೆ, ಹೊಸೂರಿನ ತಂಪು ಇಟ್ಟುಕೊಂಡು ಸೊಲ್ಲಾಪುರದವಳಿಗೆ ಬುದ್ಧಿ ಹೇಳುತ್ತಿದ್ದೀರಲ್ಲ, ಮೇ ತಿಂಗಳಲ್ಲಿ ಇಲ್ಲಿಯ ತಾರಸಿಯ ಮೇಲೆ ಬರಿಗಾಲಿನಲ್ಲಿ ನಿಂತಿದ್ದೀರಾ? 43 ಡಿಗ್ರಿ ಮುಟ್ಟುವ ಊರು. ತಂಗಿ, ಏಪ್ರಿಲ್ ಬೇಡವೇ ಬೇಡ. 35 ಡಿಗ್ರಿ ದಾಟಿದರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ಅದಕ್ಕೆ ಮಳೆ ಬಿದ್ದ ಮೇಲೆ ಸಸಿ ಮಾಡಬೇಕು, ಮೆಂತ್ಯ ಚಳಿಗಾಲಕ್ಕೆ. ಪುಂಡಿ ಮಾತ್ರ ಬಿಸಿಲನ್ನು ತಿಂದು ಬದುಕುವ ಗಿಡ, ಚವಳಿಕಾಯಿಯೂ ಹಾಗೆಯೇ.

ನಮ್ಮ ಎರೆ ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಿದರೆ ಏನಾಗುತ್ತದೆ ಕೇಳು. ಎರಡು ದಿನ ಒಣಗಿದರೆ ಮಣ್ಣು ಕುಗ್ಗಿ ಕುಂಡದ ಗೋಡೆ ಬಿಡುತ್ತದೆ, ಸುತ್ತ ಬೆರಳು ತೂರುವಷ್ಟು ಸಂದು. ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಸರ್ರನೆ ಇಳಿದು ಕೆಳಗೆ ಹರಿಯುತ್ತದೆ. ನೀರು ಹಾಕಿದೆ ಎಂದು ನಾವು ತಿಳಿದಿರುತ್ತೇವೆ, ನಡುವಿನ ಹೆಂಟೆ ಮಾತ್ರ ಒಣ ಕಲ್ಲು. ಒಂದು ಪಾಲು ಎರೆ ಮಣ್ಣು, ಒಂದು ಪಾಲು ಮರಳು, ಎರಡು ಪಾಲು ಕಳಿತ ಸಗಣಿ ಗೊಬ್ಬರ ಕೂಡಿಸಿ, ಮೇಲೆ ಕಬ್ಬಿನ ರವದಿ (ಒಣ ಎಲೆ) ಹೊದಿಸಿದ ಮೇಲೆಯೇ ನನ್ನ ಗಿಡ ನಿಂತದ್ದು. ಬೋರಿನ ನೀರು ಹಾಕಿ ಹಾಕಿ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿತ್ತು, ಅದಕ್ಕೆ ಮಳೆಗಾಲದಲ್ಲಿ ಚೆನ್ನಾಗಿ ನೆನೆಯಲು ಬಿಡುತ್ತೇನೆ.

ನೆರಳಿಗೆ: 50 ಪ್ರತಿಶತ ಬಿಸಿಲು ತಡೆಯುವ ಹಸಿರು ಬಲೆ 20 ಚದರ ಮೀಟರ್ 600 ರೂಪಾಯಿ, ಬಿದಿರು ನಾಲ್ಕು 480, ತಂತಿ 60. ಮೊದಲ ಸುಂಟರಗಾಳಿಗೇ ಬಲೆ ಹರಿದು ಪಕ್ಕದ ಮನೆಯ ಡಿಶ್ ಆಂಟೆನಾಕ್ಕೆ ಸುತ್ತಿಕೊಂಡಿತು. ಮತ್ತೆ 600. ನೀರು ಬರುವ ದಿನ ಡ್ರಮ್ ತುಂಬಿಸುವುದು, ತರಕಾರಿ ಮತ್ತು ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು. ಟೈಮರ್‌ಗೆ ಹಣ ಸುರಿಯಬೇಡ, ನಳವೇ ಬಾರದಿದ್ದರೆ ಟೈಮರ್ ಏನು ಬಿಡುತ್ತದೆ?

ಹೊಸೂರಿನ ಗುಲಾಬಿ:
ಅಕ್ಕನವರೇ, ಡ್ರಮ್ಮಿಗೇ ಟೈಮರ್ ಜೋಡಿಸಬಹುದು. ನೋಡದೆ ತೆಗೆದುಹಾಕಬೇಡಿ.

ಜತ್ತದ ಕಾಕಾ:
ಎಲ್ಲರೂ ಗಿಡದ ಮಾತಾಡುತ್ತಿದ್ದೀರಿ, ಕೆಳಗಿನ ಸ್ಲ್ಯಾಬಿನ ಮಾತು ಯಾರೂ ಎತ್ತಲಿಲ್ಲ. ಓಡಾಡುವ ತಾರಸಿಯನ್ನು ಚದರ ಮೀಟರಿಗೆ 150 ಕಿಲೊ ಭಾರ ಹಿಡಿದು ಲೆಕ್ಕ ಹಾಕುತ್ತಾರೆ. ಒಂದಡಿ ಎತ್ತರ ಹಸಿ ಮಣ್ಣಿನ ಮಡಿ ಮಾಡಿದರೆ ಅಷ್ಟೇ ಜಾಗದಲ್ಲಿ 500 ಕಿಲೊ ದಾಟುತ್ತದೆ. ನಾನು ಸಾಂಗ್ಲಿಯಲ್ಲಿ ನೌಕರಿಯಲ್ಲಿದ್ದಾಗ ತಾರಸಿಯ ಅಂಚಿನಲ್ಲಿ, ತೊಲೆಯ ಮೇಲೆಯೇ ಕುಂಡ ಇಟ್ಟಿದ್ದೆ. ಆದರೂ ಕೆಳಗಿನ ಮನೆಯವರ ಛಾವಣಿಯಲ್ಲಿ ಕಲೆ ಬಂದಾಗ ಎಲ್ಲರ ಬೆರಳೂ ನನ್ನ ಬದನೆ ಗಿಡದ ಕಡೆಗೇ ತಿರುಗಿತು. ಬಿರುಕು ಹಳೆಯದು ಎಂದು ಮೇಸ್ತ್ರಿ ಹೇಳಿದರೂ ಸೊಸೈಟಿಯ ಸಭೆಯಲ್ಲಿ ನನ್ನ ತಲೆಗೇ ಕಟ್ಟಿದರು. ಜಲನಿರೋಧಕ ಲೇಪನ 400 ಚದರ ಅಡಿಗೆ 38ರಂತೆ 15,200, ಅವರ ಛಾವಣಿಯ ಬಣ್ಣಕ್ಕೆ 6,500. ಒಟ್ಟು 21,700 ರೂಪಾಯಿ ಕೊಟ್ಟಿದ್ದೇನೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದಾದ ಮೇಲೆ ಊರ ಹೊರಗೆ ಎರಡು ಗುಂಟೆ ನೆಲ ವರ್ಷಕ್ಕೆ 4,000ಕ್ಕೆ ಹಿಡಿದೆ. ಭಾನುವಾರ ಹೋಗುತ್ತೇನೆ. ಹಕ್ಕರಕಿ, ರಾಜಗಿರಿ, ಮೆಣಸಿನಕಾಯಿ ಎಲ್ಲ ನೆಲದಲ್ಲೇ. ತಾರಸಿ ಮನುಷ್ಯರಿಗೆ ಹಪ್ಪಳ ಒಣಗಿಸಲು ಇರುವುದು.

ಮಂಗಳವಾರ ಪೇಟೆಯ ಅಕ್ಕ:
ಕಾಕಾ, ಭಾನುವಾರ ಮೋಟರ್‌ಸೈಕಲ್ ಹತ್ತಿ ಹೋಗುವವರಿಗೆ ಅದು ಸರಿ. ಎರಡು ಮಕ್ಕಳು, ಮುದುಕಿ ಅತ್ತೆಯನ್ನು ಬಿಟ್ಟು ನಾನು ಎಲ್ಲಿ ಹೋಗಲಿ? ಸಂಜೆ ಅಡುಗೆಗೆ ಮುಂಚೆ ಮೆಟ್ಟಿಲು ಹತ್ತಿ ಹಿಡಿ ಸೊಪ್ಪು ಕಿತ್ತು ತರುವ ಸುಖ ಎರಡು ಗುಂಟೆಯಲ್ಲಿ ಇಲ್ಲ. ನಿಮ್ಮ ಸೊಸೈಟಿ ಅನ್ಯಾಯ ಮಾಡಿದ್ದಕ್ಕೆ ಊರ ತಾರಸಿಗಳೆಲ್ಲ ಕೆಟ್ಟವಲ್ಲ.

ಜತ್ತದ ಕಾಕಾ:
ಕೆಟ್ಟವು ಎನ್ನಲಿಲ್ಲ ತಾಯಿ. ತಾರಸಿ ಯಾರ ಹೆಸರಿನಲ್ಲಿ ಇದೆ ಎಂದು ಕೇಳುತ್ತಿದ್ದೇನೆ. ಅಕ್ಕಲಕೋಟೆಯ ಮಗಳೇ, ಜಾಗ ಸಿಕ್ಕಿದೆ ಎಂದು ಬರೆದಿದ್ದೀಯ, ಯಾರು ಕೊಟ್ಟರು? ಬಾಯಿಮಾತಿಗೆ ಒಂದು ಚೀಲವನ್ನೂ ಮೇಲೆ ಹತ್ತಿಸಬೇಡ. ಈಗಿನ ಛಾವಣಿಯ ಫೋಟೊ ತೆಗೆದು, ದಿನಾಂಕ ಹಾಕಿ, ಸೊಸೈಟಿಯ ಕಾರ್ಯದರ್ಶಿಯ ಸಹಿ ತೆಗೆದುಕೋ. ಕೆಳಗಿನ ಮನೆಯವರದೂ.

ಮಧೂರಿನ ಬಸಳೆ:
ಕಾಕಾ ಹೇಳಿದ್ದು ಸರಿ. ನಮ್ಮಲ್ಲಿಯೂ ಇದೇ ಜಗಳ. ಆದರೆ ಭಾರದ ಮಾತು ಬಂದದ್ದರಿಂದ ಹೇಳುತ್ತೇನೆ, ಅದಕ್ಕೇ ನಾನು ಕೊಕೊಪೀಟ್ ಎಂದದ್ದು. ಅದು ಮಣ್ಣಿಗಿಂತ ಎಷ್ಟೋ ಹಗುರ.

ಹೊಸೂರಿನ ಗುಲಾಬಿ:
ತೊಳೆದ ಮೇಲೆ, ಗೊಬ್ಬರ ಕೂಡಿಸಿದ ಮೇಲೆ ಎಂದೂ ಬರೆಯಿರಿ.