ಒಬ್ಬ ಪೋಸ್ಟ್‌ಮಾಸ್ಟರನ ಮತ
1876ರ ಅಮೆರಿಕದ ಅಧ್ಯಕ್ಷ ಚುನಾವಣೆ ನಮ್ಮ ಕಾಫಿಯ ಮೇಜಿಗೆ ಬಂದದ್ದು ಶ್ರೀಪತಿಯವರಿಂದ. ಅಂಚೆ ಇಲಾಖೆಯಿಂದ ನಿವೃತ್ತರಾದವರು. ಅಂಚೆಯ ಮಾನ ಹೋಗುವ ಯಾವ ಸುದ್ದಿಯನ್ನೂ ಅವರು ಸುಮ್ಮನೆ ಬಿಡುವವರಲ್ಲ.

"ಆರೆಗನ್ ರಾಜ್ಯದಲ್ಲಿ ರಿಪಬ್ಲಿಕನ್ ಹೇಯ್ಸ್ ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದ. ರಾಜ್ಯದ ಪರವಾಗಿ ಅಧ್ಯಕ್ಷನಿಗೆ ಮತ ಹಾಕುವವರು ಎಲೆಕ್ಟರ್‌ಗಳು; ಅವನ ಮೂವರು ಎಲೆಕ್ಟರ್‌ಗಳಲ್ಲಿ ವಾಟ್ಸ್ ಒಬ್ಬ, ಲಫಾಯೆಟ್ ಎಂಬ ಸಣ್ಣ ಊರಿನ ಪೋಸ್ಟ್‌ಮಾಸ್ಟರ್. ಅಷ್ಟಕ್ಕೇ ಅನರ್ಹನಂತೆ!"

"ಸಂವಿಧಾನದಲ್ಲೇ ಇದೆ," ಎಂದರು ವಕೀಲ ವೆಂಕಟೇಶ. "ಒಕ್ಕೂಟ ಸರ್ಕಾರದ ಹುದ್ದೆಯಲ್ಲಿರುವವನು ಎಲೆಕ್ಟರ್ ಆಗುವಂತಿಲ್ಲ."

"ಹುದ್ದೆಗೆ ರಾಜೀನಾಮೆ ಕೊಟ್ಟನಲ್ಲ ಸ್ವಾಮಿ! ಎಲೆಕ್ಟರ್ ಸ್ಥಾನವನ್ನೂ ಬಿಟ್ಟ. ಉಳಿದಿಬ್ಬರು ಅವನನ್ನೇ ಮತ್ತೆ ಆರಿಸಿಕೊಂಡರು."

"ಗವರ್ನರ್ ಗ್ರೋವರ್ ಡೆಮಾಕ್ರಾಟ್. ದೇವರು ಕೊಟ್ಟರೂ ಪೂಜಾರಿ ಕೊಡ. ಸೋತ ಡೆಮಾಕ್ರಾಟ್ ಎಲೆಕ್ಟರ್ ಅಭ್ಯರ್ಥಿ ಕ್ರೋನಿನ್‌ಗೆ ಪ್ರಮಾಣಪತ್ರ ಬರೆದುಕೊಟ್ಟ. ಡೆಮಾಕ್ರಾಟರ ಅಧ್ಯಕ್ಷ ಅಭ್ಯರ್ಥಿ ಟಿಲ್ಡನ್‌ಗೆ 184 ಎಲೆಕ್ಟರ್ ಮತ ಖಚಿತವಾಗಿದ್ದವು, ಗೆಲ್ಲಲು ಬೇಕಾಗಿದ್ದದ್ದು ಇನ್ನೊಂದೇ."

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಡಿಸೆಂಬರ್ 6ರಂದು ಆರೆಗನ್ ರಾಜಧಾನಿ ಸೇಲಂನಲ್ಲಿ ಎಲೆಕ್ಟರ್‌ಗಳು ಸೇರಿದಾಗ ಪ್ರಮಾಣಪತ್ರಗಳೆಲ್ಲ ಕ್ರೋನಿನ್ ಕೈಯಲ್ಲಿ. ರಿಪಬ್ಲಿಕನ್ನರಿಬ್ಬರು ಅವನೊಂದಿಗೆ ಕೂರುವುದಿಲ್ಲ ಎಂದರು. ಸರಿ, ಆ ಎರಡು ಸ್ಥಾನ ಖಾಲಿ ಎಂದು ತಾನೇ ತೀರ್ಮಾನಿಸಿ, ತಾನೇ ಇಬ್ಬರನ್ನು ನೇಮಿಸಿಕೊಂಡ. ಒಬ್ಬನೇ ಸಭೆ, ಒಬ್ಬನೇ ಕೋರಂ! ಟಿಲ್ಡನ್‌ಗೆ ಒಂದು ಮತ, ಹೇಯ್ಸ್‌ಗೆ ಎರಡು. ಅತ್ತ ವಾಟ್ಸ್ ಮತ್ತು ಜೊತೆಗಾರರು ಮೂರನ್ನೂ ಹೇಯ್ಸ್‌ಗೆ ಹಾಕಿ ಬೇರೆ ಲಕೋಟೆ ಕಳುಹಿಸಿದರು.

"ಎರಡನ್ನು ಹೇಯ್ಸ್‌ಗೇ ಬಿಟ್ಟುಕೊಟ್ಟನಲ್ಲ, ಸಂಕೋಚದ ಕಳ್ಳ," ಎಂದೆ.

"ಡೆಮಾಕ್ರಾಟರ ಇಕ್ಕಟ್ಟು ನೋಡಿ," ಎಂದು ವೆಂಕಟೇಶ ಕುರ್ಚಿಯನ್ನು ಮುಂದಕ್ಕೆಳೆದರು. "ಮತಗಳ ತಕರಾರೆದ್ದಿದ್ದ ಇನ್ನೊಂದು ರಾಜ್ಯ ಫ್ಲೋರಿಡಾದಲ್ಲಿ ಗವರ್ನರನ ಪ್ರಮಾಣಪತ್ರ ನಂಬಬೇಡಿ, ಅದರ ಹಿಂದೇನಿದೆ ನೋಡಿ ಎಂದು ವಾದಿಸಿದವರು ಇವರೇ. ಆರೆಗನ್ ಬಂದೊಡನೆ ಗವರ್ನರನ ಸಹಿಯೇ ಪ್ರಮಾಣ! ರಿಪಬ್ಲಿಕನ್ನರದೂ ಅದೇ ಕಥೆ, ತಿರುವುಮುರುವು. ತಕರಾರಿನ ಮತಗಳನ್ನು ತೀರ್ಮಾನಿಸಲು ರಚಿಸಿದ ಹದಿನೈದು ಜನರ ಆಯೋಗದಲ್ಲಿ ಎಂಟು ಜನ ರಿಪಬ್ಲಿಕನ್, ಏಳು ಜನ ಡೆಮಾಕ್ರಾಟ್. ವಾಟ್ಸ್ ಮತ 8–7ರಲ್ಲಿ ಊರ್ಜಿತವಾಯಿತು. ಕೊನೆಗೆ ಹೇಯ್ಸ್ 185, ಟಿಲ್ಡನ್ 184."

ಶ್ರೀಪತಿಯವರ ಮುಖ ಅರಳಿತು. "ಅಂದರೆ ಅಧ್ಯಕ್ಷನನ್ನು ಗೆಲ್ಲಿಸಿದ್ದು ನಮ್ಮ ಇಲಾಖೆಯವನ ಮತ!"

"185ರಲ್ಲಿ ಅದೇ ನಿರ್ಣಾಯಕ ಎಂದು ಹೇಗೆ ಹೇಳುತ್ತೀರಿ? ಲೂಸಿಯಾನ, ದಕ್ಷಿಣ ಕೆರೊಲಿನಾಗಳ ಮತಗಳ ಮೇಲೂ ತಕರಾರಿತ್ತು."

"ಅದೆಲ್ಲ ಬೇರೆ ಇಲಾಖೆಯ ವ್ಯವಹಾರ," ಎಂದು ಶ್ರೀಪತಿಯವರು ಮೂರು ಕಾಫಿಗೂ ತಾವೇ ಹಣ ಕೊಟ್ಟರು.