ಸಹಾಯ ಬೇಕು: ಕಾಫಿಪುಡಿ ಬ್ರ್ಯಾಂಡ್ ಹೆಸರಲ್ಲಿ ಮೊಬೈಲ್ ಗೇಮ್, ಒಪ್ಪಂದ ಹೇಗೆ?

ನಮಸ್ಕಾರ. ಚಿಕ್ಕಮಗಳೂರಲ್ಲಿ ನಾವಿಬ್ಬರು ಸೇರಿ ಮೊಬೈಲ್ ಗೇಮ್ ಮಾಡುತ್ತೇವೆ. ಇಲ್ಲಿನ ಒಂದು ಕಾಫಿಪುಡಿ ಬ್ರ್ಯಾಂಡ್‌ನವರು ತಮ್ಮ ಹೆಸರು, ಲೋಗೋ ಬಳಸಲು ಲೈಸೆನ್ಸ್ ಕೊಡುತ್ತಾರಂತೆ. ಆಟದಲ್ಲಿ ಕಾಫಿ ಹಣ್ಣು ಕೊಯ್ಯಬೇಕು, ಕಣದಲ್ಲಿ ಒಣಗಿಸಬೇಕು, ಮಳೆ ಬಂದರೆ ಓಡಿ ಟಾರ್ಪಾಲ್ ಹೊದಿಸಬೇಕು. (ನಮ್ಮ ಮನೆಯ ಕಥೆಯೇ!) ಆಟ ಸಿದ್ಧ, ತಲೆನೋವು ಒಪ್ಪಂದದ್ದು.

ರಾಯಲ್ಟಿಗೆ (ಹೆಸರು ಬಳಸಿದ್ದಕ್ಕೆ ಆದಾಯದಲ್ಲಿ ಅವರಿಗೆ ಕೊಡುವ ಪಾಲು) ಮುಂಗಡವಾಗಿ ಮಿನಿಮಮ್ ಗ್ಯಾರಂಟಿ, ಅಂದರೆ ಗೇಮ್ ಓಡಲಿ ಬಿಡಲಿ ಕೊಡಲೇಬೇಕಾದ ಕನಿಷ್ಠ ಮೊತ್ತ, ಕೇಳುತ್ತಿದ್ದಾರೆ. ಗೇಮ್ ಓಡದಿದ್ದರೆ ಆ ದುಡ್ಡು ಹೋದಂಗೆ, ಅಲ್ವಾ? ರಾಯಲ್ಟಿ ಲೆಕ್ಕ ಒಟ್ಟು ಆದಾಯದ ಮೇಲೋ, ಆ್ಯಪ್ ಸ್ಟೋರ್ ಕಮಿಷನ್ ಕಳೆದ ಮೇಲೋ? ಕರಡಿನಲ್ಲಿ ಸುಮ್ನೆ 'ಆದಾಯ' ಅಂತಿದೆ. ಗೇಮ್‌ನ ಪ್ರತಿ ಚಿತ್ರಕ್ಕೂ ಅವರ ಒಪ್ಪಿಗೆ ಬೇಕು, ಎಷ್ಟು ದಿನದೊಳಗೆ ಅಂತ ಬರೆದಿಲ್ಲ. ಲೈಸೆನ್ಸ್ 2 ವರ್ಷಕ್ಕೆ. ಮುಗಿದ ಮೇಲೆ ಲೋಗೋ ತೆಗೆದು ಅದೇ ಕೋಡ್ ಬಳಸಬಹುದಾ?

ಇಂಥ ಒಪ್ಪಂದ ಮಾಡಿದವರಿದ್ದರೆ ಹೇಳಿ. ಹಾಸನ ಕಡೆ ತಿಳಿದ ವಕೀಲರಿದ್ದರೂ ಆಗುತ್ತದೆ. ಸೋಮವಾರ ಸಹಿ ಹಾಕಬೇಕು.